ಸಣ್ಣ ಕಾನ್ಫರೆನ್ಸ್‌ನ ಹಣೆಬರಹ ನವೆಂಬರ್‌ನಲ್ಲೇ ಬರೆದುಹೋಗುತ್ತದೆ: ಕಾಲೇಜು ಬಾಸ್ಕೆಟ್‌ಬಾಲ್ ಶೆಡ್ಯೂಲ್ ಬಗ್ಗೆ ಚರ್ಚೆ

ವಿಚಿಟಾ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ದೊಡ್ಡ ಟೂರ್ನಿ ಮಾರ್ಚ್ ಮ್ಯಾಡ್ನೆಸ್‌ನ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ಟೀಮ್ ಚೆನ್ನಾಗಿದ್ದರೆ ಗೆಲ್ಲುತ್ತದೆ, ಯಾರ ಜೊತೆ ಆಡಿದರೇನು?" ನಾನು ಒಪ್ಪುವುದಿಲ್ಲ. ಯಾರ ಜೊತೆ ಆಡಿದಿರಿ, ಎಲ್ಲಿ ಆಡಿದಿರಿ ಅನ್ನುವುದರ ಮೇಲೆ ಇಡೀ ಕಾನ್ಫರೆನ್ಸ್‌ನ, ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪಿನ, ಬೆಲೆ ನಿಂತಿರುತ್ತದೆ. ಅದೂ ಜನವರಿ ಬರುವ ಮೊದಲೇ.

ನನಗೆ ಇದು ತಲೆಗೆ ಹೋಗಿದ್ದು 2006ರಲ್ಲಿ. ಆಗ ನಮ್ಮೂರ ಕಾಲೇಜು ವಿಚಿಟಾ ಸ್ಟೇಟ್ ಇನ್ನೂ ಮಿಸ್ಸೂರಿ ವ್ಯಾಲಿ ಕಾನ್ಫರೆನ್ಸ್‌ನಲ್ಲಿತ್ತು. ಆ ಫೆಬ್ರವರಿಯಲ್ಲಿ ಜಾರ್ಜ್ ಮೇಸನ್ ಅನ್ನುವ ಟೀಮ್ ವರ್ಜೀನಿಯಾದಿಂದ ಇಲ್ಲಿನ ಕೋಕ್ ಅರೀನಾಕ್ಕೆ ಬಂತು. ಇಎಸ್‌ಪಿಎನ್‌ನವರ ಬ್ರಾಕೆಟ್‌ಬಸ್ಟರ್ಸ್ ಅನ್ನುವ ಏರ್ಪಾಡು ಅದು. ಸೀಸನ್ ನಡುವೆ ಒಂದು ವಾರಾಂತ್ಯ ಸಣ್ಣ ಕಾನ್ಫರೆನ್ಸ್‌ಗಳ ಒಳ್ಳೆ ಟೀಮ್‌ಗಳನ್ನು ಜೋಡಿ ಮಾಡಿ ಆಡಿಸುತ್ತಿದ್ದರು. ನಾನು ಮೇಲಿನ ಸಾಲಿನಲ್ಲಿ ಕೂತಿದ್ದೆ. ನಾವು 67, ಅವರು 70. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಒಂದೇ ತಿಂಗಳು. ಎರಡೂ ಟೀಮ್ ಮಾರ್ಚ್ ಮ್ಯಾಡ್ನೆಸ್, ಅಂದರೆ ಎನ್‌ಸಿಎಎ ಟೂರ್ನಿಯ ಕೊನೆಯ 16ರಲ್ಲಿ ಮತ್ತೆ ಎದುರುಬದುರಾದವು! ಜಾರ್ಜ್ ಮೇಸನ್ ಮತ್ತೆ ಗೆದ್ದಿತು. ಆಮೇಲೆ ಕನೆಕ್ಟಿಕಟ್‌ನಂಥ ದೈತ್ಯರನ್ನೂ ಓವರ್‌ಟೈಮ್‌ನಲ್ಲಿ 86-84ರಿಂದ ಸೋಲಿಸಿ ಫೈನಲ್ ಫೋರ್‌ಗೆ, ಅಂದರೆ ಕೊನೆಯ ನಾಲ್ಕಕ್ಕೆ ಹೋಯಿತು. ಅವರು ತಮ್ಮ ಕಾನ್ಫರೆನ್ಸ್ ಟೂರ್ನಿ ಗೆದ್ದು ಬಂದವರಲ್ಲ. ಟೂರ್ನಿಯ ಕಮಿಟಿ ಆರಿಸಿದ ಟೀಮ್. ಆರಿಸುವಾಗ ಹೊರಗೆ ಬಂದು ಗೆದ್ದ ಆ ಆಟವೂ ಅವರ ಲೆಕ್ಕದಲ್ಲಿತ್ತು.

ಆ ವರ್ಷ ಮಿಸ್ಸೂರಿ ವ್ಯಾಲಿಗೆ ಟೂರ್ನಿಯಲ್ಲಿ ನಾಲ್ಕು ಸೀಟು ಸಿಕ್ಕವು: ವಿಚಿಟಾ ಸ್ಟೇಟ್, ಸದರ್ನ್ ಇಲಿನಾಯ್, ನಾರ್ದರ್ನ್ ಅಯೋವಾ, ಬ್ರಾಡ್ಲಿ. ಬ್ರಾಡ್ಲಿ ಮೊದಲ ಆಟದಲ್ಲೇ ಕ್ಯಾನ್ಸಸ್ ಅನ್ನು ಮನೆಗೆ ಕಳಿಸಿತು. ಹತ್ತು ಟೀಮ್‌ಗಳ, ಫುಟ್‌ಬಾಲ್ ದುಡ್ಡಿಲ್ಲದ ಕಾನ್ಫರೆನ್ಸ್‌ಗೆ ನಾಲ್ಕು ಸೀಟು ಅಂದರೆ ಸಣ್ಣ ಮಾತಲ್ಲ. ಅದರ ಹಿಂದೆ ಡಗ್ ಎಲ್ಗಿನ್ ಅನ್ನುವ ಕಮಿಷನರ್ ತಂದ ನಿಯಮ ಇತ್ತು. ದುರ್ಬಲ ಟೀಮ್‌ಗಳನ್ನು ಕರೆದು ಗೆಲುವು ಗುಡ್ಡೆ ಹಾಕಿಕೊಳ್ಳುವ ಕಾಲೇಜಿಗೆ ಟೂರ್ನಿ ದುಡ್ಡಿನ ಪಾಲಿನಲ್ಲಿ ಕಡಿತ. ಮೇಲಿನ ಟೀಮ್‌ಗೆ ಮಾತ್ರ ಅಲ್ಲ, ಕೊನೆಯ ಸ್ಥಾನದಲ್ಲಿರುವ ಟೀಮ್‌ಗೂ ಇದು ಅನ್ವಯ. ನನ್ನ ಪ್ರಕಾರ ಗುಟ್ಟು ಇರುವುದು ಈ ಕೊನೆಯ ಮಾತಿನಲ್ಲಿ.

ಯೋಚನೆ ಮಾಡಿ. ಜನವರಿಯಿಂದ ಕಾನ್ಫರೆನ್ಸ್ ಒಳಗೇ ಆಟ. ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಎರಡು ತಿಂಗಳು ಬಡಿದಾಡಿದರೂ ಒಟ್ಟು ಲೆಕ್ಕ ಅರ್ಧ ಗೆಲುವು, ಅರ್ಧ ಸೋಲು. ಅಣ್ಣ ತಮ್ಮಂದಿರು ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ದುಡ್ಡು ಹಾಕಿಕೊಂಡ ಹಾಗೆ. ಮನೆಗೆ ಹೊಸ ದುಡ್ಡು ಬರಬೇಕಾದರೆ ಹೊರಗೆ ದುಡಿಯಬೇಕು. ಆ ದುಡಿಮೆಯ ಕಾಲ ಹೆಚ್ಚು ಕಮ್ಮಿ ನವೆಂಬರ್, ಡಿಸೆಂಬರ್.

ನೀವೆಲ್ಲ ಏನು ಹೇಳುತ್ತೀರಿ?

ನವಿಲುಗರಿ

ಸರ್, ನಾನು ಈ ಆಟಕ್ಕೆ ಹೊಸಬಳು. ಮಗಳು ಈ ವರ್ಷ ಒಂದು ಸಣ್ಣ ಕಾಲೇಜು ಸೇರಿದ್ದಾಳೆ. ಅವಳಿಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. ಫೋನ್ ಮಾಡಿದರೆ ಅದೇ ಮಾತು. ಎರಡು ಪ್ರಶ್ನೆ ಕೇಳಲಾ? ಒಂದು, ಈ "ಸೀಟು" ಕೊಡುವವರು ಯಾರು? ಎರಡು, ದೊಡ್ಡ ಟೀಮ್‌ಗಳನ್ನು ನಮ್ಮ ಕಾಲೇಜಿಗೇ ಕರೆದು ಆಡಿಸಿದರೆ ಆಯಿತಲ್ವಾ?

ಲೆಕ್ಕದ ಮೇಷ್ಟ್ರು

ಮೇಡಂ, ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಪುರುಷರ ಡಿವಿಷನ್ ಒಂದರಲ್ಲಿ, ಅಂದರೆ ಮೇಲಿನ ದರ್ಜೆಯಲ್ಲಿ, 350ಕ್ಕಿಂತ ಜಾಸ್ತಿ ಟೀಮ್ ಇವೆ. 2025ರಲ್ಲಿ ಟೂರ್ನಿಗೆ ಹೋಗಿದ್ದು 68. ಅದರಲ್ಲಿ 31 ಸೀಟು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ. ಉಳಿದ 37 ಸೀಟನ್ನು ಒಂದು ಸೆಲೆಕ್ಷನ್ ಕಮಿಟಿ ಹಂಚುತ್ತದೆ. ಸಣ್ಣ ಕಾನ್ಫರೆನ್ಸ್‌ಗೆ ಎರಡನೇ ಸೀಟು ಬೇಕೆಂದರೆ ಆ 37ರಲ್ಲಿ ಒಂದನ್ನು ಗಿಟ್ಟಿಸಬೇಕು.

ವಿಚಿಟಾ ಅಣ್ಣ ಹೇಳಿದ ಕಾಲದಲ್ಲಿ ಆರ್‌ಪಿಐ ಅನ್ನುವ ಲೆಕ್ಕ ಇತ್ತು. ಅದರಲ್ಲಿ ನಿಮ್ಮ ಸ್ವಂತ ಗೆಲುವಿನ ತೂಕ ಬರೀ 25%. ನಿಮ್ಮ ಎದುರಾಳಿಗಳ ಗೆಲುವಿನ ತೂಕ 50%. ಎದುರಾಳಿಗಳ ಎದುರಾಳಿಗಳದ್ದು ಮತ್ತೆ 25%. ಅಂದರೆ ಮುಕ್ಕಾಲು ಪಾಲು ಅಂಕ ನೀವು ಯಾರನ್ನು ಆರಿಸಿಕೊಂಡಿರಿ ಅನ್ನುವುದರಲ್ಲಿ! 300ನೇ ಸ್ಥಾನದ ಟೀಮನ್ನೂ ನೀವು ಸೋಲಿಸುತ್ತೀರಿ, 150ನೇ ಸ್ಥಾನದ ಟೀಮನ್ನೂ ಹೆಚ್ಚು ಕಮ್ಮಿ ಸೋಲಿಸುತ್ತೀರಿ. ಆದರೆ ಎರಡನೆಯವರು ಆಮೇಲೆ ತಮ್ಮ ಊರಲ್ಲಿ ಗೆದ್ದ ಆಟವೆಲ್ಲ ನಿಮ್ಮ ಖಾತೆಗೂ ಜಮಾ ಆಗುತ್ತದೆ. ಜೊತೆಗೆ 2004-05ರ ಸೀಸನ್‌ನಿಂದ ಊರ ಹೊರಗಿನ ಗೆಲುವಿಗೆ 1.4, ಊರೊಳಗಿನ ಗೆಲುವಿಗೆ 0.6 ತೂಕ ಕೊಟ್ಟರು. ಯಾವಾಗಲೂ ಬಸ್ ಹತ್ತುವ ಸಣ್ಣ ಟೀಮ್‌ಗಳಿಗೆ ಇದು ವರ ಆಯಿತು. 2006 ಸುಮ್ನೆ ಆಗಿದ್ದಲ್ಲ.

2018-19ರಿಂದ ಆರ್‌ಪಿಐ ಹೋಗಿ ನೆಟ್ ಅನ್ನುವ ರ್‍ಯಾಂಕಿಂಗ್ ಬಂತು. ಜೊತೆಗೆ ನಾಲ್ಕು ಕ್ವಾಡ್, ಅಂದರೆ ಎದುರಾಳಿಯ ಸ್ಥಾನ ಮತ್ತು ಆಡಿದ ಊರು ನೋಡಿ ಆಟಗಳನ್ನು ಹಂಚುವ ನಾಲ್ಕು ಗುಂಪು. ಕ್ವಾಡ್ ಒಂದರ ಗೆಲುವು ಬಂಗಾರ ಇದ್ದ ಹಾಗೆ. ಅದು ಬೇಕೆಂದರೆ ನಿಮ್ಮ ಊರಲ್ಲಿ ಆಡಿದರೆ 1ರಿಂದ 30ರೊಳಗಿನ ಟೀಮನ್ನು ಸೋಲಿಸಬೇಕು. ಇಬ್ಬರಿಗೂ ಬೇರೆ ಊರಾದರೆ 50ರೊಳಗೆ. ಅವರ ಊರಲ್ಲಾದರೆ 75ರೊಳಗೆ ಇದ್ದರೂ ಸಾಕು. ದೊಡ್ಡ ಕಾನ್ಫರೆನ್ಸ್‌ನವರಿಗೆ ಇಂಥ ಅವಕಾಶ ಜನವರಿಯಿಂದ ವಾರ ವಾರವೂ ಸಿಗುತ್ತದೆ. ನಮ್ಮವರಿಗೆ ಇಡೀ ವರ್ಷದಲ್ಲಿ ಎರಡೋ ಮೂರೋ.

ಗೆಲುವಿನ ಅಂತರವೂ ನೆಟ್‌ನಲ್ಲಿ ಕೆಲಸ ಮಾಡುತ್ತದೆ, ನೂರು ಬಾರಿ ಚೆಂಡು ಕೈಗೆ ಬಂದರೆ ಎಷ್ಟು ಅಂಕ ಗಳಿಸಿದಿರಿ, ಎಷ್ಟು ಬಿಟ್ಟುಕೊಟ್ಟಿರಿ ಅನ್ನುವ ಲೆಕ್ಕದಲ್ಲಿ. ಕ್ರಿಕೆಟ್‌ನ ನೆಟ್ ರನ್ ರೇಟ್ ನೆನಪಿಸಿಕೊಳ್ಳಿ. ವ್ಯತ್ಯಾಸ ಏನೆಂದರೆ ಇಲ್ಲಿ ಎದುರಾಳಿ ಎಷ್ಟು ಗಟ್ಟಿ ಅನ್ನುವುದನ್ನೂ ಸೇರಿಸುತ್ತಾರೆ.

ಹುಬ್ಬಳ್ಳಿ ಅಂಗಳ

ಎರಡನೇ ಪ್ರಶ್ನೆ ನನಗೆ ಬಿಡ್ರಿ. ನಾನು ಎಂಎಸ್ ಓದುವಾಗ ದಕ್ಷಿಣದ ಒಂದು ಸಣ್ಣ ಕಾಲೇಜಿನ ಅಥ್ಲೆಟಿಕ್ ವಿಭಾಗದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಶೆಡ್ಯೂಲ್ ಮಾಡುವ ಅಸಿಸ್ಟೆಂಟ್ ಕೋಚ್ ಪಕ್ಕದ ಮೇಜಿನಲ್ಲೇ ಕೂತಿದ್ದರು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅವರ ಕಿವಿಯಿಂದ ಫೋನ್ ಇಳಿಯುತ್ತಿರಲಿಲ್ಲ.

ಅವರು ದೊಡ್ಡ ಟೀಮ್‌ಗಳಿಗೆ "ನಮ್ಮಲ್ಲಿಗೆ ಬನ್ನಿ, ಮುಂದಿನ ವರ್ಷ ನಾವು ಬರುತ್ತೇವೆ" ಅಂತ ಕೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಉತ್ತರ ಯಾವಾಗಲೂ ಒಂದೇ: "ನೀವೇ ಬನ್ನಿ, ದುಡ್ಡು ಕೊಡುತ್ತೇವೆ." ಇದಕ್ಕೆ ಬೈ ಗೇಮ್ ಅಥವಾ ಗ್ಯಾರಂಟಿ ಗೇಮ್ ಅನ್ನುತ್ತಾರೆ. ಒಂದು ರಾತ್ರಿ ಹೋಗಿ ಸೋತು ಬರುವುದಕ್ಕೆ 80-90 ಸಾವಿರ ಡಾಲರ್ ಸಿಗುತ್ತದೆ. ನಮ್ಮಂಥ ಕಾಲೇಜಿಗೆ ಅದೇ ಬಜೆಟ್. ಆ ದುಡ್ಡಲ್ಲೇ ವಾಲಿಬಾಲ್ ಹುಡುಗಿಯರ ಬಸ್ಸು, ಟ್ರ್ಯಾಕ್ ಹುಡುಗರ ಶೂ.

ದೊಡ್ಡವರು ಬರಲು ಯಾಕೆ ಹೆದರುತ್ತಾರೆ ಅಂದರೆ ಗೆದ್ದರೆ ಅವರಿಗೆ ಹೆಚ್ಚಿಗೆ ಏನೂ ಸಿಗುವುದಿಲ್ಲ, ಸೋತರೆ ಮಾರ್ಚ್‌ವರೆಗೆ ಮಾತು ಕೇಳಬೇಕು. ಇನ್ನೊಂದು ಕಾರಣ, ತಮ್ಮ ಊರಲ್ಲಿ ಆಡಿದರೆ ಟಿಕೆಟ್ ದುಡ್ಡೂ ಅವರದೇ.

ಅದಕ್ಕೇ ವಿಚಿಟಾ ಸರ್, ನಿಮ್ಮ ಮಾತಿಗೆ ನನ್ನ ತಕರಾರು ಇದೆ. ಕೊನೆಯ ಸ್ಥಾನದ ಟೀಮ್‌ಗೂ ನಿಯಮ ಹಾಕಬೇಕು ಅನ್ನುತ್ತೀರಿ. ಆ ಕಾಲೇಜು ಏಳು ಬೈ ಗೇಮ್ ಆಡದಿದ್ದರೆ ಅಲ್ಲಿ ಟೀಮ್ ನಡೆಯುವುದೇ ಕಷ್ಟ. ಅವರಿಗೆ ದಂಡ ಹಾಕಿದರೆ ಬಡವನ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗುವುದಿಲ್ಲವೇ?

ಅಟ್ಲಾಂಟಾ ಅಮ್ಮಣ್ಣಿ

ದೊಡ್ಡವರಿಗೂ ಈ ಪಾಠ ಬೇಕಾಗಿತ್ತು ಅಂತ ಹೇಳಲು ಬಂದೆ. ನಮ್ಮ ಕಡೆಯ ದೊಡ್ಡ ಕಾನ್ಫರೆನ್ಸ್ ಎಸ್‌ಇಸಿ ನೋಡಿ. ಫುಟ್‌ಬಾಲ್‌ನಲ್ಲಿ ರಾಜ. ಬಾಸ್ಕೆಟ್‌ಬಾಲ್‌ನಲ್ಲಿ ಕೆಂಟಕಿ, ಫ್ಲೋರಿಡಾ ಬಿಟ್ಟರೆ ಉಳಿದವರನ್ನು ಕೇಳುವವರೇ ಇರಲಿಲ್ಲ. 14 ಟೀಮ್ ಇದ್ದರೂ 2013ರಲ್ಲಿ ಮೂರು ಸೀಟು, 2014ರಲ್ಲಿ ಮೂರು, 2016ರಲ್ಲೂ ಮೂರೇ. 2013ರಲ್ಲಿ ಕಮಿಷನರ್ ಮೈಕ್ ಸ್ಲೈವ್ ಅವರು ಎಲ್ಲ ಕಾಲೇಜುಗಳೂ ತಮ್ಮ ನಾನ್-ಕಾನ್ಫರೆನ್ಸ್ ಶೆಡ್ಯೂಲನ್ನು ಆಫೀಸಿಗೆ ಕಳಿಸಿ ತೋರಿಸಬೇಕು ಅಂದರು. 2016ರಲ್ಲಿ ಗ್ರೆಗ್ ಸ್ಯಾಂಕಿ ಅವರು ಬಿಗ್ ಈಸ್ಟ್ ಕಾನ್ಫರೆನ್ಸ್ ನಡೆಸಿದ್ದ ಮೈಕ್ ಟ್ರಾಂಗೀಸ್ ಅವರನ್ನೇ ಸಲಹೆಗಾರರಾಗಿ ಕರೆತಂದರು.

2018ರಲ್ಲಿ ಎಂಟು ಸೀಟು. 2025ರಲ್ಲಿ 16ರಲ್ಲಿ 14! ಯಾವ ಕಾನ್ಫರೆನ್ಸ್‌ಗೂ ಹಿಂದೆಂದೂ ಅಷ್ಟು ಸಿಕ್ಕಿರಲಿಲ್ಲ. ಅದಕ್ಕೆ ಮೊದಲು 2011ರ ಬಿಗ್ ಈಸ್ಟ್‌ನ 11 ದೊಡ್ಡ ಸಂಖ್ಯೆ. 2024-25ರ ಆ ಸೀಸನ್‌ನಲ್ಲಿ, ಎಸಿಸಿ ಅನ್ನುವ ಇನ್ನೊಂದು ದೊಡ್ಡ ಕಾನ್ಫರೆನ್ಸ್ ಜೊತೆಗಿನ ಎಸಿಸಿ-ಎಸ್‌ಇಸಿ ಚಾಲೆಂಜ್ 14-2ರಿಂದ ನಮ್ಮ ಕಡೆ. ಡಿಸೆಂಬರ್ ಮೊದಲ ವಾರದಲ್ಲೇ ಎರಡೂ ಕಾನ್ಫರೆನ್ಸ್‌ಗಳ ಕಥೆ ಮುಗಿದ ಹಾಗೆ. ಎಸಿಸಿಗೆ ಸಿಕ್ಕಿದ್ದು ನಾಲ್ಕೇ ಸೀಟು. ಡ್ಯೂಕ್, ನಾರ್ತ್ ಕ್ಯಾರೊಲಿನಾ ಇರುವ ಎಸಿಸಿಗೆ! ಆಮೇಲೆ ಅವರು ಕಾನ್ಫರೆನ್ಸ್ ಆಟಗಳನ್ನು 20ರಿಂದ 18ಕ್ಕೆ ಇಳಿಸಿದರು, ಹೊರಗೆ ಒಳ್ಳೆ ಆಟ ಆಡಲು ಜಾಗ ಆಗಲಿ ಅಂತ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಶೆಡ್ಯೂಲ್ ಒಂದರಿಂದಲೇ ಇದು ಆಗಿಲ್ಲ. ಆಬರ್ನ್ 2014ರಲ್ಲಿ ಬ್ರೂಸ್ ಪರ್ಲ್ ಅವರನ್ನು ತಂದಿತು. ಟೆನೆಸಿ 2015ರಲ್ಲಿ ರಿಕ್ ಬಾರ್ನ್ಸ್ ಅವರನ್ನು. ಅಲಬಾಮಾ 2019ರಲ್ಲಿ ನೇಟ್ ಓಟ್ಸ್ ಅವರನ್ನು. ಕೋಚ್‌ಗೆ ದುಡ್ಡು ಸುರಿದರು. ಟೀಮ್ ಗಟ್ಟಿ ಇಲ್ಲದೆ ಗಟ್ಟಿ ಶೆಡ್ಯೂಲ್ ಹಾಕಿಕೊಂಡರೆ ಬರೀ ಸೋಲು ಎಣಿಸಬೇಕಾಗುತ್ತದೆ.

ವಿಚಿಟಾ ಕನ್ನಡಿಗ

ಹುಬ್ಬಳ್ಳಿಯವರೇ, ನಿಮ್ಮ ತಕರಾರು ನ್ಯಾಯವಾಗಿದೆ. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ.

ಬೈ ಗೇಮ್ ಆಡಬೇಡಿ ಅಂತ ನಾನು ಹೇಳುವುದಿಲ್ಲ. ಅದರಲ್ಲೂ ಗೆಲ್ಲಬಹುದು. 2019ರ ನವೆಂಬರ್‌ನಲ್ಲಿ ಮಿಸ್ಸೂರಿ ವ್ಯಾಲಿಯ ಇವಾನ್ಸ್‌ವಿಲ್, ನಂಬರ್ ಒಂದು ಕೆಂಟಕಿಯ ಮನೆಗೆ ಹೋಗಿ 67-64ರಿಂದ ಗೆದ್ದಿತು. ಸೋಲಿಸಿದ್ದಲ್ಲದೆ 90,000 ಡಾಲರ್ ಚೆಕ್ಕನ್ನೂ ತಂದರು. ಅದೇ ತಿಂಗಳು ಸ್ಟೀಫನ್ ಎಫ್. ಆಸ್ಟಿನ್ ಟೀಮ್ ಡ್ಯೂಕ್ ಊರಲ್ಲಿ ಡ್ಯೂಕ್ ಅನ್ನು ಓವರ್‌ಟೈಮ್‌ನಲ್ಲಿ ಸೋಲಿಸಿತು.

ಆದರೆ ಆಮೇಲೆ ಇವಾನ್ಸ್‌ವಿಲ್‌ಗೆ ಏನಾಯಿತು ಗೊತ್ತಾ? ಕಾನ್ಫರೆನ್ಸ್‌ನಲ್ಲಿ 18 ಆಟ, 18 ಸೋಲು. ಒಂದೂ ಗೆಲುವಿಲ್ಲ. ಕೆಂಟಕಿಯನ್ನು ಸೋಲಿಸಿದ ರಾತ್ರಿ ಟಿವಿಯಲ್ಲಿ ನೂರು ಸಲ ತೋರಿಸಿದರು. ಕಾನ್ಫರೆನ್ಸ್‌ಗೆ ಉಳಿದಿದ್ದು ಏನೂ ಇಲ್ಲ. ಒಂದು ರಾತ್ರಿಯ ಪವಾಡದಿಂದ ಕಾನ್ಫರೆನ್ಸ್ ಬೆಳೆಯುವುದಿಲ್ಲ. ಡಿಸೆಂಬರ್‌ನ ಯಾವುದೋ ಮಂಗಳವಾರ, ಯಾರೂ ನೋಡದ ಆಟದಲ್ಲಿ, ಎಂಟನೇ ಸ್ಥಾನದ ಟೀಮ್ 140ನೇ ರ್‍ಯಾಂಕ್‌ನವರನ್ನು ಸೋಲಿಸುತ್ತದಲ್ಲ, ಅದರಿಂದ ಬೆಳೆಯುತ್ತದೆ. ಯಾಕೆಂದರೆ ಜನವರಿಯಲ್ಲಿ ಮೊದಲ ಸ್ಥಾನದ ಟೀಮ್ ಅವರ ಊರಿಗೆ ಹೋಗಿ ಸೋತರೂ ಅದು ಕೆಟ್ಟ ಸೋಲಾಗಿ ಕಾಣುವುದಿಲ್ಲ.

ಹಾಗಾಗಿ ದಂಡ ಬೇಡ ಅನ್ನುವುದಾದರೆ ಸರಿ, ನೆರವು ಕೊಡೋಣ. ಟೂರ್ನಿಯಲ್ಲಿ ಕಾನ್ಫರೆನ್ಸ್‌ನ ಟೀಮ್ ಒಂದು ಆಟ ಆಡಿದರೆ ಒಂದು ಯೂನಿಟ್. ಒಂದು ಯೂನಿಟ್ ಅಂದರೆ ಆರು ವರ್ಷದಲ್ಲಿ ಕೂಡಿ ಸುಮಾರು 20 ಲಕ್ಷ ಡಾಲರ್. ಅದು ಬರುವುದು ಕಾನ್ಫರೆನ್ಸ್ ಖಾತೆಗೆ. ಅದರಲ್ಲಿ ಒಂದು ಭಾಗ ತೆಗೆದಿಟ್ಟು, ಬೈ ಗೇಮ್ ಒಂದನ್ನು ಬಿಟ್ಟು ಸಮಬಲದ ಟೀಮ್ ಜೊತೆ ಹೋಗಿ-ಬಂದು ಆಡುವ ಒಪ್ಪಂದ ಮಾಡಿಕೊಂಡ ಕಾಲೇಜಿಗೆ ಕೊಡಲಿ. ಬಡ ಕಾಲೇಜಿನ ಬಸ್ಸೂ ಓಡುತ್ತದೆ, ಎರಡನೇ ಸೀಟಿನ ಆಸೆಯೂ ಉಳಿಯುತ್ತದೆ.

ನವಿಲುಗರಿ

ಒಂದು ಸೀಟಿನ ಹಿಂದೆ ಇಷ್ಟು ದುಡ್ಡು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹುಡುಗಿಯರ ಟೂರ್ನಿಗೂ ಹೀಗೇನಾ?

ಲೆಕ್ಕದ ಮೇಷ್ಟ್ರು

2025ರ ಟೂರ್ನಿಯಿಂದ ಅವರಿಗೂ ಯೂನಿಟ್ ಶುರುವಾಯಿತು ಮೇಡಂ. ಬಹಳ ತಡ ಆಯಿತು, ಆದರೆ ಬಂತು.

ವಿಚಿಟಾ ಅಣ್ಣ, 2006ರ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ವರ್ಷ ಮಿಸ್ಸೂರಿ ಸ್ಟೇಟ್ ಆರ್‌ಪಿಐನಲ್ಲಿ 21ನೇ ಸ್ಥಾನದಲ್ಲಿದ್ದರೂ ಹೊರಗೆ ಉಳಿಯಿತು. ಶೆಡ್ಯೂಲ್ ಲೆಕ್ಕ ಚೆನ್ನಾಗಿ ಮಾಡಿದ್ದರು, ಆದರೆ ದೊಡ್ಡ ಹೆಸರಿನ ಗೆಲುವು ಇರಲಿಲ್ಲ. 2024ರಲ್ಲಿ ಇಂಡಿಯಾನಾ ಸ್ಟೇಟ್‌ಗೂ ಅದೇ ಆಯಿತು. ನೆಟ್‌ನಲ್ಲಿ ಮೊದಲ 30ರ ಒಳಗೆ. ವ್ಯಾಲಿ ಫೈನಲ್‌ನಲ್ಲಿ ಡ್ರೇಕ್ ವಿರುದ್ಧ ಸೋತರು, ಕಮಿಟಿ ಕರೆಯಲಿಲ್ಲ. ಆ ರಾತ್ರಿ ನನಗೆ ನಿಜವಾಗಲೂ ಬೇಜಾರಾಗಿತ್ತು. ಅಷ್ಟು ಚೆಂದದ ಆಟ ಆಡುತ್ತಿದ್ದರು. ಸೀಟು ಸಿಗದವರ ಟೂರ್ನಿ ಎನ್‌ಐಟಿಯ ಫೈನಲ್‌ವರೆಗೆ ಹೋಗಿ ಅಲ್ಲೂ ಎರಡೇ ಅಂಕದಲ್ಲಿ ಸೋತರು. ರ್‍ಯಾಂಕ್ ಇದ್ದರೆ ಸಾಲದು, ತೋರಿಸಲು ಒಂದೆರಡು ಕ್ವಾಡ್ ಒಂದು ಗೆಲುವೂ ಬೇಕು.

ಮೈಸೂರು ಬೆಳಗು

ನಾನು ಮೈಸೂರಿನಿಂದ ನೋಡುವವನು. ಅಲ್ಲಿ ಸಂಜೆ ಏಳರ ಆಟ ಇಲ್ಲಿ ಬೆಳಗಿನ ಐದೂವರೆ. ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂರುವುದು ಅಭ್ಯಾಸ ಆಗಿದೆ.

2023ರ ನವೆಂಬರ್ 6, ಸೀಸನ್‌ನ ಮೊದಲ ದಿನ. ಜೇಮ್ಸ್ ಮ್ಯಾಡಿಸನ್ ಟೀಮ್ ಮಿಶಿಗನ್ ಸ್ಟೇಟ್ ಊರಿಗೆ ಹೋಗಿ ಓವರ್‌ಟೈಮ್‌ನಲ್ಲಿ 79-76ರಿಂದ ಗೆದ್ದಿತು. ನಾನು ಕೂಗಿದ ಕೂಗಿಗೆ ಮನೆಯವರೆಲ್ಲ ಎದ್ದುಬಂದರು. ಆ ಟೀಮ್ 31 ಗೆದ್ದು ಮೂರೇ ಸೋತು ಟೂರ್ನಿಗೆ ಬಂತು. ಆದರೂ ಕೊಟ್ಟ ಶ್ರೇಯಾಂಕ 12ನೇ ಸೀಡ್! ಅವರ ಸನ್ ಬೆಲ್ಟ್ ಕಾನ್ಫರೆನ್ಸ್‌ನಲ್ಲಿ ಜನವರಿಯಿಂದ ಗೆದ್ದ ಆಟಗಳಿಗೆ ಬೆಲೆಯೇ ಇರಲಿಲ್ಲ. ಮೊದಲ ಆಟದಲ್ಲಿ 5ನೇ ಸೀಡ್ ವಿಸ್ಕಾನ್ಸಿನ್ ಅನ್ನು ಸೋಲಿಸಿ ಉತ್ತರ ಕೊಟ್ಟರು ಬಿಡಿ. ಒಬ್ಬನೇ ಎಷ್ಟು ಚೆನ್ನಾಗಿ ಆಡಿದರೂ ಮನೆಯವರ ಹೆಸರು ಎಳೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ?

ಅದೇ ಸೀಸನ್‌ನಿಂದ ಸನ್ ಬೆಲ್ಟ್ ಮತ್ತು ಮಿಡ್-ಅಮೆರಿಕನ್ ಕಾನ್ಫರೆನ್ಸ್ ಸೇರಿ ಒಂದು ಚಾಲೆಂಜ್ ಶುರು ಮಾಡಿದವು. ಅದರಲ್ಲಿ ಆಡುವ ಪ್ರತಿ ಟೀಮ್‌ಗೂ ಎರಡು ಆಟ. ಒಂದು ನವೆಂಬರ್‌ನಲ್ಲಿ, ಇನ್ನೊಂದು ಫೆಬ್ರವರಿಯಲ್ಲಿ. ಒಂದು ಊರಲ್ಲಿ, ಒಂದು ಹೊರಗೆ. ಫೆಬ್ರವರಿಯ ಜೋಡಿಯನ್ನು ಆ ಸೀಸನ್‌ನಲ್ಲಿ ಯಾರು ಹೇಗೆ ಆಡಿದ್ದಾರೆ ನೋಡಿ ಕಟ್ಟುತ್ತಾರೆ. ವಿಚಿಟಾ ಸರ್ ಹೇಳಿದ ಬ್ರಾಕೆಟ್‌ಬಸ್ಟರ್ಸ್ 2013ರಲ್ಲಿ ನಿಂತುಹೋಯಿತು. ಅದೇ ಯೋಚನೆ ಬೇರೆ ಹೆಸರಲ್ಲಿ ಬಂದಿದೆ ಅಂತ ನನಗೆ ಅನಿಸಿತು.

ಹುಬ್ಬಳ್ಳಿ ಅಂಗಳ

ಮೈಸೂರಿನವರು ಹೇಳಿದ್ದು ಒಳ್ಳೆ ದಾರಿ. ಫೆಬ್ರವರಿಯ ಜೋಡಿ ನಂಗೆ ಬಹಳ ಹಿಡಿಸಿತು. ಯಾಕೆ ಗೊತ್ತೇನ್ರಿ? ಈಗ ಟ್ರಾನ್ಸ್‌ಫರ್ ಪೋರ್ಟಲ್ ಇದೆ. ಒಳ್ಳೆ ಆಟಗಾರ ಏಪ್ರಿಲ್‌ನಲ್ಲಿ ದೊಡ್ಡ ಕಾಲೇಜಿಗೆ ಹಾರಿಬಿಡುತ್ತಾನೆ. ಎರಡು ವರ್ಷ ಮೊದಲು ಸಹಿ ಹಾಕಿದ ಒಪ್ಪಂದದ ಎದುರಾಳಿ ಗಟ್ಟಿ ಇರುತ್ತಾನೋ ಇಲ್ಲವೋ ಯಾರಿಗೆ ಗೊತ್ತು? ಫೆಬ್ರವರಿ ಹೊತ್ತಿಗೆ ಯಾರು ಏನು ಅಂತ ಎಲ್ಲರಿಗೂ ಗೊತ್ತಿರುತ್ತದೆ.

ನಾನು ನೋಡಿದ ಇನ್ನೊಂದು ದಾರಿ ಪಶ್ಚಿಮದ ದೊಡ್ಡ ಕಾನ್ಫರೆನ್ಸ್ ಪ್ಯಾಕ್-12 ಮತ್ತು ಎಸ್‌ಡಬ್ಲ್ಯುಎಸಿ ನಡುವಿನ ಲೆಗಸಿ ಸೀರೀಸ್. ಎಸ್‌ಡಬ್ಲ್ಯುಎಸಿಯಲ್ಲಿ ಇರುವುದು ಕಪ್ಪು ಜನರಿಗಾಗಿ ಕಟ್ಟಿದ ಹಳೆಯ ಕಾಲೇಜುಗಳು. ಅಲ್ಲಿನವರು ವರ್ಷ ವರ್ಷವೂ ದುಡ್ಡಿಗಾಗಿ ದೇಶವೆಲ್ಲ ಸುತ್ತಿ ಸೋಲುತ್ತಿದ್ದರು. 2022ರ ನವೆಂಬರ್‌ನಲ್ಲಿ ಆ ಸೀರೀಸ್‌ಗಾಗಿ ಪ್ಯಾಕ್-12 ಟೀಮ್‌ಗಳು ಅವರ ಊರಿಗೇ ಬಂದವು. ಏನಾಯಿತು? ಗ್ರ್ಯಾಂಬ್ಲಿಂಗ್ ಕೊಲರಾಡೊವನ್ನು ಸೋಲಿಸಿತು. ಟೆಕ್ಸಸ್ ಸದರ್ನ್ ಅರಿಜೋನಾ ಸ್ಟೇಟ್ ಅನ್ನು. ಪ್ರೇರೀ ವ್ಯೂ ವಾಷಿಂಗ್ಟನ್ ಸ್ಟೇಟ್ ಅನ್ನು. ತಮ್ಮ ಊರು, ತಮ್ಮ ಜನ, ತಮ್ಮ ಬ್ಯಾಂಡ್ ಇದ್ದರೆ ಈ ಹುಡುಗರು ಏನು ಮಾಡಬಲ್ಲರು ಅಂತ ಆವತ್ತು ಕಂಡಿತು. ನನ್ನ ಕಣ್ಣಲ್ಲಿ ನೀರು ಬಂತು.

ವಿಚಿಟಾ ಸರ್, ನಿಮ್ಮ ನೆರವಿನ ಮಾತು ಒಪ್ಪಿದೆ. ಆದರೆ ಮೇಲೆ ಬಂದ ಟೀಮ್ ಕಾನ್ಫರೆನ್ಸ್ ಬಿಟ್ಟು ಹೋದರೆ?

ವಿಚಿಟಾ ಕನ್ನಡಿಗ

ಹೋಗುತ್ತಾರೆ. ನಮ್ಮವರೇ ಹೋದರಲ್ಲ. ಕ್ರೇಟನ್ 2013ರಲ್ಲಿ, ವಿಚಿಟಾ ಸ್ಟೇಟ್ 2017ರಲ್ಲಿ, ಲೊಯೊಲಾ ಶಿಕಾಗೊ 2022ರಲ್ಲಿ ವ್ಯಾಲಿ ಬಿಟ್ಟವು. ವಿಚಿಟಾ ಹೊರಟಾಗ ನನಗೆ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಬ್ರಾಡ್ಲಿ ಜೊತೆ, ಸದರ್ನ್ ಇಲಿನಾಯ್ ಜೊತೆ ವರ್ಷಕ್ಕೆರಡು ಸಲ ಇದ್ದ ಜಗಳ ಈಗ ಇಲ್ಲ.

ತಡೆಯಲು ಯಾರೂ ಪ್ರಯತ್ನ ಮಾಡಿಲ್ಲ ಅಂತಲ್ಲ. ತನ್ನ ಗಟ್ಟಿ ಟೀಮ್ ಗೊನ್ಜಾಗಾವನ್ನು ಉಳಿಸಿಕೊಳ್ಳಲು ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ 2018ರಲ್ಲಿ ಕಾನ್ಫರೆನ್ಸ್ ಆಟಗಳನ್ನು 18ರಿಂದ 16ಕ್ಕೆ ಇಳಿಸಿತು. ಒಳಗಿನ ಎರಡು ದುರ್ಬಲ ಆಟದ ಬದಲು ಹೊರಗೆ ಎರಡು ಗಟ್ಟಿ ಆಟ. 2022ರಲ್ಲಿ ಅವರಿಗೆ ಮೂರು ಸೀಟು ಬಂದವು. ಸ್ಯಾನ್ ಫ್ರಾನ್ಸಿಸ್ಕೊ 1998ರ ನಂತರ ಮೊದಲ ಸಲ ಟೂರ್ನಿ ಮುಖ ನೋಡಿತು. ಆಮೇಲೆ 2024ರಲ್ಲಿ ಗೊನ್ಜಾಗಾ ಪ್ಯಾಕ್-12 ಸೇರಲು ಒಪ್ಪಿರಬಹುದು. ಆದರೆ ಆ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹುಡುಗರಿಗೆ ಸಿಕ್ಕ ಸೀಟನ್ನು ಯಾರೂ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ನವಿಲುಗರಿ

ನೀವೆಲ್ಲ ಹೇಳಿದ್ದು ಓದಿ ಮಗಳ ಕಾಲೇಜಿನ ಶೆಡ್ಯೂಲ್ ತೆಗೆದು ಕೂತೆ. ಕಾನ್ಫರೆನ್ಸ್ ಶುರುವಾಗುವ ಮೊದಲು 13 ಆಟ. ಏಳು ದೊಡ್ಡ ಕಾಲೇಜುಗಳ ಊರಲ್ಲಿ. ಮೂರು ಆಟ ನಾನು ಹೆಸರೇ ಕೇಳದ ಪುಟ್ಟ ಕಾಲೇಜುಗಳ ಜೊತೆ. ಇನ್ನೆರಡು ಪಕ್ಕದ ರಾಜ್ಯದಲ್ಲಿ. ಊರಲ್ಲಿ ಒಂದೇ ಒಂದು ಸಮಬಲದ ಆಟ, ಡಿಸೆಂಬರ್ ಮೂರನೇ ವಾರ. ಇದು ಒಳ್ಳೆಯದಾ ಕೆಟ್ಟದ್ದಾ?

ಲೆಕ್ಕದ ಮೇಷ್ಟ್ರು

ಆ ಮೂರು ಪುಟ್ಟ ಕಾಲೇಜುಗಳು ಡಿವಿಷನ್ ಒಂದರಲ್ಲಿ ಇಲ್ಲದಿದ್ದರೆ ಆ ಆಟಗಳು ನೆಟ್ ಲೆಕ್ಕಕ್ಕೇ ಬರುವುದಿಲ್ಲ ಮೇಡಂ. ಊರಿನ ಜನ ಒಂದು ಗೆಲುವು ನೋಡಲಿ ಅಂತ ಇಟ್ಟಿರುತ್ತಾರೆ. ಏಳು ಆಟ ಬಜೆಟ್‌ಗೆ. ಡಿಸೆಂಬರ್‌ನ ಆ ಒಂದು ಆಟ, ಪಕ್ಕದ ರಾಜ್ಯದ ಎರಡು, ಈ ಮೂರರಲ್ಲೇ ನಿಮ್ಮ ಕಾನ್ಫರೆನ್ಸ್ ಏನಾದರೂ ದುಡಿಯಬೇಕು.

ತೊಂದರೆ ಏನೆಂದರೆ ಮೂರನೇ ವಾರಕ್ಕೆ ಪರೀಕ್ಷೆ ಮುಗಿದು ಹುಡುಗರೆಲ್ಲ ಮನೆಗೆ ಹೋಗಿರುತ್ತಾರೆ. ಜಿಮ್ ಖಾಲಿ ಇರುತ್ತದೆ. ಊರಲ್ಲಿ ಆಡುವ ಲಾಭ ಅರ್ಧ ಹೋದ ಹಾಗೆ.

ನವಿಲುಗರಿ

ಮಗಳಿಗೆ ಇದನ್ನೇ ಓದಿ ಹೇಳಿದೆ. ಅವಳ ವಿಮಾನದ ಟಿಕೆಟ್ ಆ ಆಟದ ಹಿಂದಿನ ದಿನಕ್ಕಿತ್ತು. ಎರಡು ದಿನ ಮುಂದಕ್ಕೆ ಹಾಕಿಸಿಕೊಂಡಿದ್ದಾಳೆ. ಹಾಸ್ಟೆಲ್‌ನ ಇನ್ನೂ ಆರು ಜನ ಉಳಿದುಕೊಳ್ಳುತ್ತಾರಂತೆ.